ಬಳೆಗಾರ ಚೆನ್ನಯ್ಯನನ್ನು ಕಳಿಸಿದ್ದು ಯಾರು?

ಹೋದ ಮಾಘದಲ್ಲಿ ಮಂಡ್ಯದ ಒಂದು ಛತ್ರದಲ್ಲಿ ನೆಂಟರ ಮದುವೆ. ಆರತಕ್ಷತೆ ನಡೆಯುತ್ತಿತ್ತು. ವೇದಿಕೆಯ ಪಕ್ಕದಲ್ಲಿ ಆರ್ಕೆಸ್ಟ್ರಾ. ಹುಡುಗ ಚೆನ್ನಾಗಿ ಹಾಡುತ್ತಿದ್ದ. ‘ಬಳೆಗಾರ ಚೆನ್ನಯ್ಯ ಬಾಗಿಲಿಗೆ ಬಂದಿಹೆನು’ ಶುರು ಮಾಡುವ ಮೊದಲು ಮೈಕಿನಲ್ಲಿ, ‘ಈಗ ನಿಮಗಾಗಿ ಒಂದು ಜಾನಪದ ಗೀತೆ’ ಅಂದ.

ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ತಾಂಬೂಲದ ಚೀಲ ಮಡಿಲಲ್ಲಿತ್ತು. ತಲೆ ಅಲ್ಲಾಡಿಸಿ ಹೇಳಿದರು: ‘ಜಾನಪದ ಅಲ್ಲ ಕಣ್ ಮಗ. ನಮ್ಮ ಕಿಕ್ಕೇರಿಯೋರು ಬರ್ದಿದ್ದು.’ ಮುಂದಿನ ಸಾಲಿನಿಂದ ಒಬ್ಬರು ತಿರುಗಿ ನೋಡಿದರು. ‘ಅಲ್ಲಮ್ಮ, ಅದು ಸಿನಿಮಾ ಹಾಡು. ಅಶ್ವತ್ಥ್ ಅವರದ್ದು.’

ಒಂದೇ ಹಾಡು, ಮೂರು ಜನ, ಮೂರು ಉತ್ತರ. ಅಜ್ಜಿ ಹೇಳಿದ್ದು ಸರಿ. ಮುಂದಿನ ಸಾಲಿನವರು ಹೇಳಿದ್ದೂ ಸುಳ್ಳಲ್ಲ. ಹಾಡುವ ಹುಡುಗನ ಮಾತು ತಪ್ಪು, ಆದರೂ ಅದರೊಳಗೆ ಒಂದು ಸಣ್ಣ ನಿಜ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಈ ಗೊಂದಲ ಯಾಕೆ ಆಗುತ್ತದೆ ಅಂದರೆ, ‘ಈ ಹಾಡು ಯಾರದು’ ಅಂತ ನಾವು ಕೇಳುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದೇವೆ ಅಂದುಕೊಂಡಿರುತ್ತೇವೆ. ನಿಜವಾಗಿ ಅಲ್ಲಿ ಎರಡು ಪ್ರಶ್ನೆಗಳಿವೆ. ಮಾತು ಯಾರದು? ಮಟ್ಟು, ಅಂದರೆ ಟ್ಯೂನು, ಯಾರದು? ಹಾಡಿನ ಮಾತು ಒಂದು ದಿನ ಒಂದು ಕಡೆ ಹುಟ್ಟಿರುತ್ತದೆ. ಮಟ್ಟು ಬೇರೆ ದಿನ, ಬೇರೆ ಕಡೆ, ಬೇರೆಯವರಿಂದ ಹುಟ್ಟಿರಬಹುದು. ನಡುವೆ ಐವತ್ತು ವರ್ಷ ಹೋಗಿರಬಹುದು, ನಾಲ್ಕುನೂರು ವರ್ಷವೂ ಹೋಗಿರಬಹುದು.

ನಮ್ಮ ಸಂಗೀತಗಾರರಿಗೆ ಇದು ಹೊಸ ವಿಷಯವೇ ಅಲ್ಲ. ಅವರು ಹಾಡನ್ನು ಮೊದಲಿನಿಂದಲೂ ಎರಡಾಗಿ ಬಿಡಿಸಿ ನೋಡುತ್ತಾರೆ. ಸಾಹಿತ್ಯಕ್ಕೆ ‘ಮಾತು’ ಅನ್ನುತ್ತಾರೆ, ರಾಗ ತಾಳದ ಕಟ್ಟಡಕ್ಕೆ ‘ಧಾತು’ ಅನ್ನುತ್ತಾರೆ. ಎರಡನ್ನೂ ತಾನೇ ಮಾಡುವವರು ವಾಗ್ಗೇಯಕಾರರು. ವಾಕ್ಕು ಅಂದರೆ ಮಾತು, ಗೇಯ ಅಂದರೆ ಹಾಡುವಂಥದ್ದು. ಪದ ದೊಡ್ಡದಾಗಿ ಕೇಳಿಸಿದರೂ ಅರ್ಥ ಇಷ್ಟೇ.

ಮೈಸೂರು ಈ ವಾಗ್ಗೇಯಕಾರರ ಊರು. ಅವರಲ್ಲಿ ಒಬ್ಬರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

‘ಬ್ರೋಚೇವಾರೆವರುರಾ’ ಕೇಳದ ಕನ್ನಡಿಗರು ಕಡಿಮೆ. ಖಮಾಚ್ ರಾಗ, ಆದಿ ತಾಳ. ಸಂಗೀತ ಕಲಿಯದವರಿಗೂ ಪಲ್ಲವಿ ಬಾಯಿಗೆ ಬರುತ್ತದೆ. 1980ರಲ್ಲಿ ಬಂದ ‘ಶಂಕರಾಭರಣಂ’ ಸಿನಿಮಾದಲ್ಲಿ ಇದು ಬಂದ ಮೇಲೆ ಮನೆ ಮನೆಗೂ ಹೋಯಿತು. ಭಾಷೆ ತೆಲುಗು. ಹಾಗಾಗಿ ಜಾಸ್ತಿ ಜನ ಇದನ್ನು ತ್ಯಾಗರಾಜರ ಕೃತಿ ಅಂದುಕೊಳ್ಳುತ್ತಾರೆ. ನಮ್ಮ ಮೈಸೂರಿನಲ್ಲೇ ಒಂದು ಕಾರ್ಯಕ್ರಮದ ಆಹ್ವಾನ ಪತ್ರಿಕೆಯಲ್ಲಿ ಹಾಗೆ ಅಚ್ಚಾಗಿದ್ದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಯಾಕೆಂದರೆ ಅದನ್ನು ರಚಿಸಿದವರು ಮೈಸೂರು ವಾಸುದೇವಾಚಾರ್ಯರು. ಇದೇ ಊರಲ್ಲಿ, 1865ರಲ್ಲಿ ಹುಟ್ಟಿದವರು.

ಅವರ ಬದುಕು ಗೊತ್ತಾದರೆ ತೆಲುಗು ಯಾಕೆ ಅನ್ನುವುದೂ ಗೊತ್ತಾಗುತ್ತದೆ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಸಂಸ್ಕೃತ ಓದಿದರು. ಜೊತೆಗೆ ವೀಣೆ ಪದ್ಮನಾಭಯ್ಯನವರ ಹತ್ತಿರ ಸಂಗೀತ ಶುರುವಾಯಿತು. ಹುಡುಗನ ಆಸಕ್ತಿ ಕಂಡು ಚಾಮರಾಜ ಒಡೆಯರು ಅವರನ್ನು ಅರಮನೆಯ ಖರ್ಚಿನಲ್ಲೇ ತಿರುವಯ್ಯಾರಿಗೆ ಕಳಿಸಿದರು. ಅಲ್ಲಿ ಗುರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್. ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯ. ವೆಂಕಟಸುಬ್ಬಯ್ಯನವರ ಗುರು ಸಾಕ್ಷಾತ್ ತ್ಯಾಗರಾಜರು. ಆ ಮನೆತನದಲ್ಲಿ ಕೃತಿ ಅಂದರೆ ತೆಲುಗು, ಇಲ್ಲವೇ ಸಂಸ್ಕೃತ. ಮೈಸೂರಿನ ಹುಡುಗ ಆ ಮನೆಯ ಭಾಷೆಯಲ್ಲೇ ಹಾಡು ಕಟ್ಟಿದ. ‘ನಿನ್ನ ಬಿಟ್ಟರೆ ನನ್ನನ್ನು ಕಾಪಾಡುವವರು ಯಾರಪ್ಪ, ರಘುವರಾ’ ಅನ್ನುವುದು ಪಲ್ಲವಿಯ ಅರ್ಥ.

ತ್ಯಾಗರಾಜರದ್ದಲ್ಲ ಅಂತ ಗೊತ್ತಾಗುವುದು ಹೇಗೆ? ಅಂಕಿತದಿಂದ. ಅಂಕಿತ ಅಂದರೆ ಹಾಡಿನೊಳಗೇ ಹಾಕಿದ ರುಜು. ಕೊನೆಯ ಚರಣದಲ್ಲಿ ಆನೆಯನ್ನು ಕಾಪಾಡಿದ ಕಥೆ ಬರುತ್ತದೆ, ನೆನಪಿದೆಯಾ? ಅಲ್ಲೇ ‘ವಾಸುದೇವ’ ಅನ್ನುವ ಹೆಸರು ಇದೆ. ದೇವರ ಹೆಸರೂ ಅದೇ, ಹಾಡು ಕಟ್ಟಿದವರ ಹೆಸರೂ ಅದೇ. ತ್ಯಾಗರಾಜರಾಗಿದ್ದರೆ ‘ತ್ಯಾಗರಾಜನುತ’ ಅಂತಲೋ ಹಾಗೇ ಏನಾದರೂ ಬರುತ್ತಿತ್ತು. ಮುಂದಿನ ಸಲ ಕಚೇರಿಗೆ ಹೋದಾಗ ಕೊನೆಯ ಚರಣಕ್ಕೆ ಕಿವಿ ಕೊಟ್ಟು ಕೇಳಿ. ಹಾಡಿನ ವಿಳಾಸ ಅಲ್ಲಿರುತ್ತದೆ.

ಆಚಾರ್ಯರು ಆಮೇಲೆ ಅರಮನೆಯ ಆಸ್ಥಾನ ವಿದ್ವಾಂಸರಾದರು. ಇಳಿವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಹೋಗಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕೊಟ್ಟರು. 1959ರಲ್ಲಿ ಪದ್ಮಭೂಷಣ. 1961ರಲ್ಲಿ ತೀರಿಕೊಂಡಾಗ ತೊಂಬತ್ತಾರರ ಹತ್ತಿರ ಹತ್ತಿರ. ತಾವು ನೋಡಿದ ಸಂಗೀತಗಾರರ ಬಗ್ಗೆ ಅವರು ಕನ್ನಡದಲ್ಲಿ ಬರೆದ ‘ನಾ ಕಂಡ ಕಲಾವಿದರು’ ಓದಿದರೆ ಆ ಕಾಲದ ಮೈಸೂರು ಕಣ್ಣ ಮುಂದೆ ಬರುತ್ತದೆ.

ಅರಮನೆಯಲ್ಲಿ ಹುಟ್ಟಿದ ಹಾಡುಗಳೆಲ್ಲ ಒಂದೇ ರೀತಿಯವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರನ್ನು ಬರಮಾಡಿಕೊಂಡು, ಚಾಮುಂಡೇಶ್ವರಿಯ 108 ಹೆಸರಿಗೂ ಒಂದೊಂದು ಕನ್ನಡ ಕೃತಿ ಬೇಕು ಅಂದರು. ಭಾಗವತರು ತಮಿಳುನಾಡಿನವರು. ಸಾಹಿತ್ಯದ ಕೆಲಸದಲ್ಲಿ ಮೈಸೂರಿನ ದೇವೋತ್ತಮ ಜೋಯಿಸರು ನೆರವಾದರು. ಆದರೆ ಅಂಕಿತ ಭಾಗವತರದ್ದೇ, ‘ಹರಿಕೇಶ’. ಅಂದರೆ ಅಂಕಿತ ನೋಡಿದರೂ ಪೂರ್ತಿ ಕಥೆ ಗೊತ್ತಾಗುವುದಿಲ್ಲ ಅನ್ನುವುದಕ್ಕೆ ಇದೊಂದು ಉದಾಹರಣೆ. ಇವತ್ತಿಗೂ ಭಾಗವತರ ‘ಭುವನೇಶ್ವರಿಯ ನೆನೆ ಮಾನಸವೇ’ ಹಾಡುವಾಗ ಜೋಯಿಸರ ಹೆಸರು ಹೇಳುವವರು ಸಿಗುವುದು ಕಷ್ಟ.

ಕೊನೆಯ ಮಹಾರಾಜ ಜಯಚಾಮರಾಜ ಒಡೆಯರು ತಾವೇ 94 ಕೃತಿ ರಚಿಸಿದರು, ಸಂಸ್ಕೃತದಲ್ಲಿ, ‘ಶ್ರೀವಿದ್ಯಾ’ ಅಂಕಿತದಲ್ಲಿ. ಅಠಾಣ ರಾಗದ ‘ಶ್ರೀ ಮಹಾಗಣಪತಿಂ ಭಜೇಹಂ’ ಕೇಳಿರುತ್ತೀರಿ. ಅವರು ಮೊದಲು ಕಲಿತದ್ದು ಪಿಯಾನೊ. 1950ರಲ್ಲಿ ಲಂಡನ್ನಿನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಆಯಿತಲ್ಲ, ಅದಕ್ಕೆ ಹಣದ ಆಸರೆ ಕೊಟ್ಟವರು ಇದೇ ನಮ್ಮ ಮಹಾರಾಜರು. ಇನ್ನು ಮೈಸೂರು ಸಂಸ್ಥಾನದ ಗೀತೆ ‘ಕಾಯೌ ಶ್ರೀ ಗೌರಿ’ ಬರೆದವರು ಬಸವಪ್ಪ ಶಾಸ್ತ್ರಿಗಳು, ‘ಅಭಿನವ ಕಾಳಿದಾಸ’ ಅಂತ ಬಿರುದು ಪಡೆದವರು. ದಸರಾ ಖಾಸಗಿ ದರ್ಬಾರಿನಲ್ಲಿ ಈಗಲೂ ಅದು ಕೇಳಿಬರುತ್ತದೆ.

ಮಾತಿಗೆ ರುಜು ಇದ್ದು ಮಟ್ಟಿಗೆ ಇಲ್ಲದ ಹಾಡುಗಳೂ ಇವೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ತಗೊಳ್ಳಿ. ಕೊನೆಯಲ್ಲಿ ಪುರಂದರ ವಿಠಲ ಅಂತ ಇದೆ. ಮಾತು ಪುರಂದರದಾಸರದ್ದು, ಹದಿನಾರನೇ ಶತಮಾನದ್ದು. ಆದರೆ ಶುಕ್ರವಾರ ಸಂಜೆ ನಮ್ಮಮ್ಮ ಹಾಡುವ ಮಟ್ಟೇ ಬೇರೆ, ಭೀಮಸೇನ ಜೋಶಿಯವರು ಹಾಡಿದ್ದೇ ಬೇರೆ. ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು. ಓಲೆಯಲ್ಲಿ ಮಾತು ಉಳಿಯಿತು, ಮಟ್ಟು ಉಳಿಯಲಿಲ್ಲ. ಹಾಗಾಗಿ ಪ್ರತಿ ತಲೆಮಾರೂ ತನ್ನ ಮಟ್ಟು ಹಾಕಿಕೊಂಡಿತು. ಮೈಸೂರಿನ ಬಿಡಾರಂ ಕೃಷ್ಣಪ್ಪನವರು ದೇವರನಾಮಗಳನ್ನು ಕಚೇರಿಯಲ್ಲಿ ಮರ್ಯಾದೆಯಿಂದ ಕೂರಿಸಿದರು. ಅವರು ಕಟ್ಟಿಸಿದ ರಾಮಮಂದಿರ ಈಗಲೂ ಊರಲ್ಲಿದೆ. ಪಿಟೀಲು ಚೌಡಯ್ಯನವರಿಗೆ ಗುರು ಅವರೇ.

ಈಗ ಕಿಕ್ಕೇರಿಗೆ ಬರೋಣ.

ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಬಹಳ ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ದುಡಿದರು. 1942ರಲ್ಲಿ ‘ಮೈಸೂರು ಮಲ್ಲಿಗೆ’ ಬಂತು. ಗಂಡ ಹೆಂಡತಿಯ ಪ್ರೀತಿ, ಮಾವನ ಮನೆ, ಶಾನುಭೋಗರ ಮಗಳು, ಅಕ್ಕಿ ಆರಿಸುವ ಹೆಣ್ಣು. ಆ ಕಾಲಕ್ಕೆ ಹೆಂಡತಿಯ ಮೇಲೆ ಇಷ್ಟು ಮನಸ್ಸು ಬಿಚ್ಚಿ ಬರೆದದ್ದು ಹೊಸದು. ಅವರು ಸಂಗೀತಗಾರರಲ್ಲ. ಈ ಪದ್ಯಗಳಿಗೆ ಮಟ್ಟು ಹಾಕಿ ಕೊಟ್ಟವರೂ ಅವರಲ್ಲ. ಬರೀ ಪುಸ್ತಕದಲ್ಲಿದ್ದ ಪದ್ಯ. ಆದರೂ ಅದು ಹಾಡಾಗದೆ ಇರುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಯಾಕೆ ಅಂತ ತೋರಿಸುತ್ತೇನೆ. ಪಕ್ಕದಲ್ಲಿ ಮೇಜು ಇದ್ದರೆ ಬೆರಳಲ್ಲಿ ತಟ್ಟುತ್ತಾ ಓದಿ.

ಕನ್ನಡ ಛಂದಸ್ಸಿನಲ್ಲಿ ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಸೇರಿದ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ರಾಯರು’: ರಾ ಎರಡು, ಯ ಒಂದು, ರು ಒಂದು. ನಾಲ್ಕು. ‘ಬಂದರು’: ಬಂ ಎರಡು, ದ ಒಂದು, ರು ಒಂದು. ನಾಲ್ಕು. ‘ಮಾವನ’, ಮತ್ತೆ ನಾಲ್ಕು. ‘ಮನೆಗೆ’ ಮೂರೇ ಆಗುತ್ತದೆ, ಆದರೆ ಬಾಯಲ್ಲಿ ಹೇಳುವಾಗ ಕೊನೆಯ ‘ಗೆ’ ತಾನಾಗಿ ಸ್ವಲ್ಪ ಎಳೆಯುತ್ತದೆ, ನಾಲ್ಕಾಗುತ್ತದೆ. ತಕಧಿಮಿ, ತಕಧಿಮಿ, ತಕಧಿಮಿ. ಮಾವನ ಮನೆಗೆ ಬಂದ ಅಳಿಯನ ಗತ್ತಿನ ಹೆಜ್ಜೆ ಅದರಲ್ಲೇ ಇದೆ.

ಈಗ ಚೆನ್ನಯ್ಯನ ಸಾಲು. ‘ಬಳೆಗಾರ’: ಬ, ಳೆ ಒಂದೊಂದು, ಗಾ ಎರಡು, ರ ಒಂದು. ಐದು. ‘ಚೆನ್ನಯ್ಯ’: ಐದು. ‘ಬಾಗಿಲಿಗೆ’: ಐದು. ‘ಬಂದಿಹೆನು’: ಐದು. ಬೆರಳು ತಟ್ಟಿ ನೋಡಿ, ನಡಿಗೆಯೇ ಬದಲಾಯಿತು ಅಲ್ವಾ? ತಕ ತಕಿಟ, ತಕ ತಕಿಟ. ಗತ್ತು ಹೋಯಿತು. ಬಳೆಯ ಮಲಾರ ಹೊತ್ತವನು ಭಾರಕ್ಕೆ ಒಂದು ಹೆಜ್ಜೆ ಚಿಕ್ಕದು, ಒಂದು ಹೆಜ್ಜೆ ದೊಡ್ಡದು ಹಾಕುತ್ತಾ ಬಂದು ಬಾಗಿಲಲ್ಲಿ ನಿಂತ ಹಾಗೆ. ರಾಗ ಸಂಯೋಜನೆ ಮಾಡುವವರು ಮೊದಲು ಹುಡುಕುವುದು ಇದನ್ನೇ. ರಾಗ ಯಾವುದು ಅನ್ನುವುದು ಆಮೇಲಿನ ಮಾತು. ನಡೆ ಪದ್ಯದ ಒಳಗೇ ಕಾದು ಕೂತಿರುತ್ತದೆ. ಐದರ ಪದ್ಯವನ್ನು ನಾಲ್ಕರ ತಾಳಕ್ಕೆ ಸುಮ್ನೆ ತುರುಕಿದರೆ ಎಲ್ಲೋ ಒಂದು ಅಕ್ಷರ ವಿನಾಕಾರಣ ಎಳೆಯಬೇಕಾಗುತ್ತದೆ, ಮಾತು ಮುರಿದು ಹೋಗುತ್ತದೆ.

ಮಾತು ಕವಿಯದ್ದು ಸರಿ. ಆದರೆ ಛತ್ರದ ಹುಡುಗ ‘ಜಾನಪದ’ ಅಂದನಲ್ಲ, ಅದರೊಳಗಿನ ನಿಜ ಇಲ್ಲಿದೆ. ನಮ್ಮ ಹೆಂಗಸರು ತಲೆಮಾರುಗಳಿಂದ ಹಾಡುವ ಒಂದು ಪದ ಇದೆ, ‘ಭಾಗ್ಯದ ಬಳೆಗಾರ ಹೋಗಿ ಬಾ ನನ್ ತವರಿಗೆ’. ಅದು ನಿಜವಾದ ಜಾನಪದ. ಗಂಡನ ಮನೆಯಲ್ಲಿರುವ ಹೆಣ್ಣು ಬಳೆಗಾರನನ್ನು ತವರಿಗೆ ಕಳಿಸುತ್ತಾಳೆ. ಅವನು, ನಿನ್ನ ತವರೂರು ನನಗೇನು ಗೊತ್ತು ಅನ್ನುತ್ತಾನೆ. ಅವಳು ದಾರಿ ಹೇಳುತ್ತಾಳೆ. ಹಿಂದೆ ಹಳ್ಳಿಯಲ್ಲಿ ಮನೆಯಿಂದ ಮನೆಗೆ, ಊರಿಂದ ಊರಿಗೆ ಸಲೀಸಾಗಿ ಓಡಾಡುತ್ತಿದ್ದವನು, ಹೆಂಗಸರ ಕೈ ಹಿಡಿದು ಮಾತಾಡಿಸಬಹುದಾಗಿದ್ದ ಹೊರಗಿನ ಗಂಡಸು ಅಂದರೆ ಅವನೊಬ್ಬನೇ. ಅವನೇ ಅಂಚೆ. ನರಸಿಂಹಸ್ವಾಮಿ ಆ ಬಳೆಗಾರನನ್ನೇ ತಗೊಂಡು ದಿಕ್ಕು ತಿರುಗಿಸಿದರು. ಅವರ ಚೆನ್ನಯ್ಯ ಹೆಂಡತಿಯ ತವರಿನಿಂದ, ನವಿಲೂರಿನಿಂದ, ಗಂಡನ ಬಾಗಿಲಿಗೆ ಸುದ್ದಿ ತರುತ್ತಾನೆ. ಬಳೆ ತೊಡಿಸುವುದಕ್ಕಲ್ಲ ಬಂದದ್ದು ಅಂತ ಅವನೇ ಹೇಳುತ್ತಾನೆ. ಒಂದು ಹಾಡಿನಲ್ಲಿ ಹೋದವನು ಇನ್ನೊಂದು ಹಾಡಿನಲ್ಲಿ ವಾಪಸ್ ಬಂದ ಹಾಗೆ! ಈ ಎರಡನ್ನೂ ಒಂದರ ಹಿಂದೆ ಒಂದು ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಾಗಾಗಿ ಕಿಕ್ಕೇರಿಯ ಕವಿ ಶೂನ್ಯದಿಂದ ಬರೆಯಲಿಲ್ಲ. ಊರಿನ ಪದಗಳು ಕಿವಿಯಲ್ಲಿದ್ದವು. ಅವರು ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದವರು ಕೂಡ. ಬರ್ನ್ಸ್ ಮಾಡುತ್ತಿದ್ದದ್ದೂ ಇದನ್ನೇ, ತನ್ನ ನಾಡಿನ ಹಳೆಯ ಜಾನಪದ ಮಟ್ಟುಗಳಿಗೆ ಹೊಸ ಮಾತು ಬರೆಯುವುದು.

ಪುಸ್ತಕದ ಪದ್ಯ ಜನರ ಬಾಯಿಗೆ ಬಂದದ್ದು ಹೇಗೆ? ನಡುವೆ ಗಾಯಕರು ಬಂದರು. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ವೇದಿಕೆಗೆ ತಂದರು. ರೇಡಿಯೊ ಮನೆಯೊಳಗೆ ತಂದಿತು. ಆಕಾಶವಾಣಿ ಅನ್ನುವ ಹೆಸರಿನ ಮೊದಲ ರೇಡಿಯೊ ಕೇಂದ್ರ ಹುಟ್ಟಿದ್ದು ಮೈಸೂರಲ್ಲೇ, 1935ರಲ್ಲಿ, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರ ಮನೆಯಲ್ಲಿ. ಕವಿಗಳ ಪದ್ಯಕ್ಕೆ ಹಗುರವಾದ ರಾಗ ಹಾಕಿ, ಮಾತು ಎದ್ದು ಕಾಣುವ ಹಾಗೆ ಹಾಡುವುದಕ್ಕೆ ಸುಗಮ ಸಂಗೀತ ಅಂತ ಹೆಸರು ಬಂತು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇದರ ದೊಡ್ಡ ಹೆಸರುಗಳು. ನಿಸಾರ್ ಅಹಮದರ ‘ಜೋಗದ ಸಿರಿ ಬೆಳಕಿನಲ್ಲಿ’ ಪದ್ಯಕ್ಕೆ ಅನಂತಸ್ವಾಮಿ ಮಟ್ಟು ಹಾಕಿದರು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು. ಆಮೇಲೆ ಕವಿಯನ್ನೇ ಜನ ನಿತ್ಯೋತ್ಸವದ ಕವಿ ಅಂತ ಕರೆದರು. ನಿಸಾರರು ಭೂಗರ್ಭಶಾಸ್ತ್ರದ ಮೇಷ್ಟ್ರು. 2017ರ ಮೈಸೂರು ದಸರಾ ಉದ್ಘಾಟಿಸಿದ್ದೂ ಅವರೇ.

‘ಮೈಸೂರು ಮಲ್ಲಿಗೆ’ ಸಿನಿಮಾ ಆಗಿದ್ದು 1992ರಲ್ಲಿ, ಪುಸ್ತಕ ಬಂದು ಸರಿಯಾಗಿ ಐವತ್ತು ವರ್ಷಕ್ಕೆ. ನಿರ್ದೇಶನ ಟಿ.ಎಸ್. ನಾಗಾಭರಣ. ಸಂಗೀತ ಸಿ. ಅಶ್ವತ್ಥ್. ಮುಂದಿನ ಸಾಲಿನವರು ‘ಅಶ್ವತ್ಥ್ ಅವರದ್ದು’ ಅಂದದ್ದು ಆ ಮಟ್ಟಿನ ಬಗ್ಗೆ. ಕವಿಗೆ ಆ ಸಿನಿಮಾದ ಗೀತೆಗಳಿಗಾಗಿ ರಾಷ್ಟ್ರ ಪ್ರಶಸ್ತಿ ಬಂತು. ಇಪ್ಪತ್ತೇಳರ ಹರೆಯದಲ್ಲಿ ಬರೆದು ಮುಗಿಸಿದ್ದ ಪದ್ಯಕ್ಕೆ, ಎಪ್ಪತ್ತು ದಾಟಿದ ಮೇಲೆ ‘ಗೀತರಚನೆಕಾರ’ ಅನ್ನುವ ಪ್ರಶಸ್ತಿ!

ಮಟ್ಟು ಯಾರದು ಅನ್ನುವುದು ಬರೀ ಕುತೂಹಲದ ಪ್ರಶ್ನೆ ಅಂದುಕೊಳ್ಳಬೇಡಿ. ಸರ್ಕಾರವೇ ಆದೇಶ ಹೊರಡಿಸಬೇಕಾದ ವಿಷಯ ಅದು ಅಂತ ನಾಡಗೀತೆ ತೋರಿಸಿಕೊಟ್ಟಿತು. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರ ಜನವರಿಯಲ್ಲಿ ನಾಡಗೀತೆ ಆಯಿತು. ಮಾತು ಯಾವುದು ಅಂತ ತೀರ್ಮಾನ ಆಯಿತು, ಮಟ್ಟು ಯಾವುದು ಅಂತ ಆಗಲಿಲ್ಲ. ಅನಂತಸ್ವಾಮಿಯವರದ್ದೂ ಇತ್ತು, ಅಶ್ವತ್ಥ್ ಅವರದ್ದೂ ಇತ್ತು. ಒಂದು ಶಾಲೆಯಲ್ಲಿ ಒಂದು, ಇನ್ನೊಂದು ಸಮಾರಂಭದಲ್ಲಿ ಇನ್ನೊಂದು. ಎಲ್ಲರೂ ಎದ್ದು ನಿಂತು ಒಟ್ಟಿಗೆ ಹಾಡಬೇಕಾದ ಹಾಡಿಗೆ ಎರಡು ಮಟ್ಟು ಇದ್ದರೆ ಏನಾಗುತ್ತದೆ? ಸಭೆಯಲ್ಲಿ ಅರ್ಧ ಜನ ಒಂದು ಕಡೆ ಎಳೆಯುತ್ತಾರೆ, ಅರ್ಧ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಕೊನೆಗೆ 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಸಂಯೋಜನೆಯನ್ನೇ ಅಧಿಕೃತ ಮಾಡಿತು. ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಯಬೇಕು, ಆಲಾಪ ಬೇಡ, ಸಾಲುಗಳ ಪುನರಾವರ್ತನೆ ಬೇಡ ಅಂತಲೂ ಹೇಳಿತು. ಅದರ ವಿರುದ್ಧ ಹೈಕೋರ್ಟಿಗೂ ಅರ್ಜಿ ಹೋಯಿತು, ವಜಾ ಆಯಿತು. ಅಶ್ವತ್ಥ್ ಅವರ ಮಟ್ಟು ನನಗೆ ಈಗಲೂ ಪ್ರೀತಿಯದ್ದೇ. ಆದರೆ ಶಾಲೆಯ ಅಂಗಳದಲ್ಲಿ ನಿಂತ ಆರನೇ ಕ್ಲಾಸಿನ ಮಗು ಉಸಿರು ಕಟ್ಟದೆ ಹಾಡಬೇಕು ಅನ್ನುವುದಾದರೆ ಒಂದು ಸರಳ ಮಟ್ಟು, ಒಂದು ಅಳತೆ ಬೇಕೇ ಬೇಕು.

ಸಿನಿಮಾದಲ್ಲಿ ಕೆಲಸ ನಡೆಯುವುದು ಉಲ್ಟಾ. ಅಲ್ಲಿ ಸಾಮಾನ್ಯವಾಗಿ ಮೊದಲು ಟ್ಯೂನ್ ಆಗುತ್ತದೆ. ಸಂಗೀತ ನಿರ್ದೇಶಕರು ತನನನ ಅಂತಲೋ, ಅರ್ಥವೇ ಇಲ್ಲದ ಡಮ್ಮಿ ಸಾಹಿತ್ಯ ಹಾಕಿಯೋ ಹಾಡಿ ಕೊಡುತ್ತಾರೆ. ಸಾಹಿತಿ ಆ ಟ್ಯೂನಿನ ಅಳತೆಗೆ ಮಾತು ಕೂರಿಸಬೇಕು. ಅಲ್ಲಿ ಅಂಗಿ ಮೊದಲು ಹೊಲಿದಿರುತ್ತದೆ. ಎರಡನ್ನೂ ಒಬ್ಬರೇ ಮಾಡಿದರೆ ಈ ತಾಪತ್ರಯ ಇಲ್ಲ. ಹಂಸಲೇಖ ಅವರು ಮಾತೂ ಬರೆದು ಮಟ್ಟೂ ಹಾಕುವವರು. 1993ರ ‘ಆಕಸ್ಮಿಕ’ದ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಎರಡೂ ಕೈಯಿಂದ ಅವರದ್ದೇ. ಸಿನಿಮಾದವರು ಅಂತ ಸಂಗೀತದ ಪಂಡಿತರು ಒಪ್ಪುತ್ತಾರೋ ಇಲ್ಲವೋ, ನನ್ನ ಲೆಕ್ಕದಲ್ಲಿ ಅವರೂ ವಾಗ್ಗೇಯಕಾರರೇ.

ಇನ್ನು ಮಾತಿಗೂ ರುಜು ಇಲ್ಲದ, ಮಟ್ಟಿಗೂ ರುಜು ಇಲ್ಲದ ಹಾಡುಗಳು. ‘ಸೋಜುಗದ ಸೂಜುಮಲ್ಲಿಗೆ’ ಈಗ ಎಲ್ಲರ ಮೊಬೈಲಿನಲ್ಲಿದೆ. 2021ರ ‘ಗರುಡ ಗಮನ ವೃಷಭ ವಾಹನ’ ನೋಡಿದ ಹುಡುಗರು ಅದನ್ನು ಸಿನಿಮಾ ಹಾಡು ಅನ್ನುತ್ತಾರೆ. ಅದು ಮಲೆ ಮಹದೇಶ್ವರನ ಪದ. ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಬಾಯಲ್ಲಿ, ಕಂಸಾಳೆಯವರ ಬಾಯಲ್ಲಿ ಬೆಳೆದದ್ದು. ಒಂದು ಕೈಯಲ್ಲಿ ಕಂಚಿನ ಬಟ್ಟಲಿನಂಥ ತಾಳ, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಮುಂದಾಳು ಒಂದು ಸಾಲು ಹೇಳುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಅಂದರೆ ಮತ್ತೆ ಮತ್ತೆ ಬರುವ ಸಾಲು. ಹಿಮ್ಮೇಳದವರು ಅದನ್ನು ಹಾಡುವಷ್ಟರಲ್ಲಿ ಮುಂದಾಳಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನೆನಪಾಗುತ್ತದೆ, ನೆನಪಾಗದಿದ್ದರೆ ಹೊಸದೊಂದು ಹುಟ್ಟುತ್ತದೆ. ಇದನ್ನೆಲ್ಲ ಬರೆದಿಟ್ಟುಕೊಂಡವರಿಗೆ ನಾವು ಋಣಿಗಳು. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಹಾಡುಗಾರರ ಬಾಯಿಂದಲೇ ಕೇಳಿ ಸಂಪಾದಿಸಿದರು. ನಾಗಮಂಗಲದ ಕಡೆಯ ಜೀ.ಶಂ. ಪರಮಶಿವಯ್ಯನವರು ಊರೂರು ಅಲೆದರು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ತೆರೆದಿದ್ದರೆ ಒಮ್ಮೆ ಹೋಗಿ ಬನ್ನಿ.

ಕಾನೂನು ಕೂಡ ಹಾಡನ್ನು ಹೀಗೇ ಬಿಡಿಸುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯಕ್ಕೆ ಒಂದು ಹಕ್ಕು, ಸಂಗೀತಕ್ಕೆ ಇನ್ನೊಂದು, ಧ್ವನಿಮುದ್ರಣಕ್ಕೆ ಮತ್ತೊಂದು. ಬರೆದವರು ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ವಾಸುದೇವಾಚಾರ್ಯರ ಕೃತಿಗಳು 2021ರ ಕೊನೆಗೆ ಎಲ್ಲರ ಸೊತ್ತಾದವು. ನರಸಿಂಹಸ್ವಾಮಿ 2003ರಲ್ಲಿ ತೀರಿಕೊಂಡರು, ಅವರ ಮಾತಿಗೆ 2063ರವರೆಗೆ ಹಕ್ಕು ಇದೆ. ಧ್ವನಿಮುದ್ರಣದ ಲೆಕ್ಕ ಬೇರೆ, ಬಿಡುಗಡೆಯಾದ ವರ್ಷದಿಂದ 60. ಒಂದೇ ಹಾಡಿನ ಮಾತು ಮುಕ್ತವಾಗಿದ್ದು ಧ್ವನಿಮುದ್ರಣ ಇನ್ನೊಬ್ಬರ ಕೈಲಿರಬಹುದು. ಯೂಟ್ಯೂಬಿನಲ್ಲಿ ದೇವರನಾಮ ಹಾಕಿದರೂ ಕೆಲವರಿಗೆ ತಕರಾರು ಬರುವುದು ಇದಕ್ಕೇ. 2012ರ ತಿದ್ದುಪಡಿಯಲ್ಲಿ ಸಾಹಿತಿಗೂ ಸಂಗೀತಗಾರರಿಗೂ ಗೌರವಧನದಲ್ಲಿ ಪಾಲು ಗಟ್ಟಿಯಾಯಿತು. ಮದುವೆ ಮನೆಯಲ್ಲಿ ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಛತ್ರದ ಹುಡುಗ ಯಾರಿಗೂ ಕಾಸು ಕೊಡಬೇಕಾಗಿಲ್ಲ. ಹೆಸರು ಹೇಳಿದರೆ ಸಾಕು.

ಊಟದ ಹೊತ್ತಿಗೆ ನಾನು ಅವನ ಹತ್ತಿರ ಹೋಗಿ ಹೇಳಿದೆ. ಅವನಿಗೆ ಬೇಜಾರಾಗಲಿಲ್ಲ. ಪುಟ್ಟ ಡೈರಿಯಲ್ಲಿ ಹಾಡಿನ ಪಕ್ಕದಲ್ಲಿ ಬರೆದುಕೊಂಡ: ಸಾಹಿತ್ಯ ಕೆ.ಎಸ್. ನರಸಿಂಹಸ್ವಾಮಿ, ಸಂಗೀತ ಸಿ. ಅಶ್ವತ್ಥ್. ‘ಮತ್ತೆ ಜಾನಪದದ ಬಳೆಗಾರ ಯಾವ್ದು ಸಾರ್?’ ಅಂತ ಕೇಳಿದ. ಪಂಕ್ತಿಯಲ್ಲಿ ಕೂತಿದ್ದ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ.

ಎಲೆ ಮುಂದೆ ಕೂತೇ ಅವರು ಹಾಡಿದರು, ಮೆಲ್ಲಗೆ. ಪುಸ್ತಕಗಳಲ್ಲಿ ಅಚ್ಚಾಗಿರುವ ಸಾಲು ‘ಬಾಳೆ ಬಲಕ್ಕೆ ಬೀಡು, ಸೀಬೆ ಎಡಕ್ಕೆ ಬೀಡು’ ಅಂತ. ಬಾಳೆ ಗಿಡ ಬಲಕ್ಕೆ ಬಿಡು, ಸೀಬೆ ಎಡಕ್ಕೆ ಬಿಡು, ನಟ್ಟ ನಡುವೆ ಹೋಗು ಬಳೆಗಾರ, ಅಲ್ಲೇ ನನ್ನ ತವರು ಅಂತ ದಾರಿ ಹೇಳುವ ಸಾಲು. ಅಜ್ಜಿ ಹಾಡಿದ್ದು ಬೇರೆ. ‘ಕೆರೆ ಏರಿ ಬಲಕ್ಕೆ ಬೀಡು, ಆಲೆಮನೆ ಎಡಕ್ಕೆ ಬೀಡು.’

ಹುಡುಗ ಡೈರಿ ಹಿಡಿದು ನಿಂತಿದ್ದ. ‘ಅಜ್ಜಿ, ಇದು ಯಾರು ಬರ್ದಿದ್ದು?’ ಅಂದ.

‘ಬರೆಯೋದೇನ್ ಬಂತು ಮಗ,’ ಅಂದರು, ‘ನಮ್ಮವ್ವನ ಊರಿಗೆ ಹಂಗೇ ಹೋಗ್ಬೇಕು.’